ಮುಳುಗಡೆ ಕಂಡವರು ಹೇಳಲಿ, ನಾವು ಬರೆದುಕೊಳ್ಳೋಣ

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಹದಿನೈದು ವರ್ಷದ ಹುಡುಗನಾಗಿದ್ದವರಿಗೆ ಈಗ ಎಪ್ಪತ್ತೈದು ದಾಟಿದೆ. ಕಂಕುಳಲ್ಲಿ ಮಗು ಎತ್ತಿಕೊಂಡು ಊರು ಬಿಟ್ಟ ಸೊಸೆಯಂದಿರಿಗೆ ಎಂಬತ್ತರ ಮೇಲಾಗಿದೆ. ಪರಿಹಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಆಗಿನ ಯಜಮಾನರಲ್ಲಿ ಇವತ್ತು ಮಾತಾಡಲು ಉಳಿದವರನ್ನು ಹುಡುಕಿಕೊಂಡೇ ಹೋಗಬೇಕು.

ಪ್ರತಿ ಮಳೆಗಾಲ ಪೇಪರಿನಲ್ಲಿ ಲಿಂಗನಮಕ್ಕಿಯ ನೀರಿನ ಮಟ್ಟ ಬರುತ್ತದೆ. ಗರಿಷ್ಠ 1,819 ಅಡಿ, ಇಂದು ಇಷ್ಟು ಅಡಿ, ಒಳಹರಿವು ಇಷ್ಟು ಕ್ಯೂಸೆಕ್. ನಮ್ಮಂಥ ಜಿಲ್ಲಾ ವರದಿಗಾರರಿಗೆ ಆ ಅಂಕಿ ಬಾಯಿಪಾಠ. ಆ 1,819 ಅಡಿಯ ಕೆಳಗೆ ಗದ್ದೆ ಇತ್ತು, ಅಡಿಕೆ ತೋಟ ಇತ್ತು, ಸಂತೆಗೆ ಹೋಗುವ ದಾರಿ ಇತ್ತು, ಹೆಣ್ಣು ಕೊಟ್ಟು ತಂದ ಮನೆಗಳಿದ್ದವು. ಅದರ ವಿವರ ಯಾವ ಬುಲೆಟಿನ್ನಿನಲ್ಲೂ ಇಲ್ಲ. ಅದು ಇರುವುದು ಸಾಗರ, ಹೊಸನಗರದ ಕೆಲವು ಮನೆಗಳ ಜಗಲಿಯಲ್ಲಿ, ಎಲೆ ಅಡಿಕೆ ಹಾಕಿಕೊಂಡು ಕೂತ ಅಜ್ಜ ಅಜ್ಜಿಯರ ತಲೆಯಲ್ಲಿ.

ಅದನ್ನು ಬರೆಸಿ. ಬರೆಯಲು ಬಾರದಿದ್ದರೆ ಹೇಳಿಸಿ ಬರೆದುಕೊಳ್ಳಿ. ಈ ಲೇಖನ ಇರುವುದು ಅದಕ್ಕೇ. ನಿಮ್ಮೂರು ಶರಾವತಿ ದಂಡೆಯದ್ದೇ ಆಗಬೇಕೆಂದಿಲ್ಲ. ನಮಗೆ ಗೊತ್ತಿರುವ ಸೀಮೆ ಇದು, ಆದ್ದರಿಂದ ಇಲ್ಲಿಂದಲೇ ಹೇಳುತ್ತೇವೆ.

ಕಡತದಲ್ಲಿ ಇರುವುದು, ಇಲ್ಲದ್ದು

ಮುಳುಗಡೆಯ ದಾಖಲೆ ಸರ್ಕಾರದಲ್ಲಿ ಇಲ್ಲವೆಂದೇನಲ್ಲ. ಸರ್ವೆ ನಂಬರು ಇದೆ, ಎಕರೆ-ಗುಂಟೆ ಇದೆ, ಯಾರ ಹೆಸರಿಗೆ ಎಷ್ಟು ಪರಿಹಾರ ಎಂಬ ಲೆಕ್ಕ ಇದೆ. ಆದರೆ ಕಡತ ನೋಡುವುದು ಭೂಮಿ ಯಾರ ಹೆಸರಿನಲ್ಲಿತ್ತು ಎಂಬುದನ್ನು. ಆ ಭೂಮಿಯಲ್ಲಿ ಉತ್ತು ಬಿತ್ತಿದ್ದು ಯಾರು ಎಂಬುದು ಬೇರೆ ಮಾತು.

ಇದು ಯಾಕೆ ದೊಡ್ಡ ಮಾತು ಎಂದು ತಿಳಿಯಬೇಕಾದರೆ ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಅಣೆಕಟ್ಟು ಮುಗಿದದ್ದು 1964. ದೇವರಾಜ ಅರಸರ ಕಾಲದ ಭೂಸುಧಾರಣೆ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಗೇಣಿದಾರರೆಲ್ಲ ಫಾರಂ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟು ತಾವು ಉಳುತ್ತಿದ್ದ ಗದ್ದೆಗೆ ಒಡೆಯರಾದದ್ದು ಆಮೇಲೆ. ನಡುವೆ ಹತ್ತು ವರ್ಷ. ನೀರಿನಡಿಗೆ ಹೋದ ಗದ್ದೆಗೆ ಯಾರೂ ಫಾರಂ 7 ತುಂಬುವ ಹಾಗಿರಲಿಲ್ಲ. ತಲೆಮಾರುಗಟ್ಟಲೆ ಅದೇ ಗದ್ದೆ ಉತ್ತಿದ್ದವರಿಗೆ ಪಕ್ಕದ ಊರಿನವರಿಗೆ ಸಿಕ್ಕ ಆ ಅವಕಾಶವೇ ಬರಲಿಲ್ಲ. ಇನ್ನು ಕೂಲಿಗೆ ಹೋಗುತ್ತಿದ್ದವರು, ಜೀತಕ್ಕಿದ್ದವರು, ಅಂಥವರ ಹೆಸರು ಪಹಣಿಯಲ್ಲಿ ಮೊದಲೂ ಇರಲಿಲ್ಲ.

ಇದೇ ಸಾಗರ ತಾಲ್ಲೂಕಿನಲ್ಲಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದಿತ್ತು. ಗೇಣಿಯ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಎಂಬಲ್ಲಿಂದ ಎದ್ದ ಜಗಳ. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಕಟ್ಟಿದರು, ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಇಷ್ಟನ್ನು ನಾವು ಪುಸ್ತಕದಲ್ಲಿ ಓದಿದ್ದೇವೆ. ಗಂಡಸರು ಜೈಲಿಗೆ ಹೋದಾಗ ಮನೆಯಲ್ಲಿ ಗಂಜಿಗೆ ಏನು ಮಾಡಿದರು? ದನ ಯಾರು ಕಟ್ಟಿದರು? ಒಡೆಯರ ಮನೆಯ ಬಾವಿಯಿಂದ ನೀರು ತರುತ್ತಿದ್ದವರು ಆಮೇಲೆ ಎಲ್ಲಿಂದ ತಂದರು? ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಹೆಂಗಸರಲ್ಲಿ ಹೆಚ್ಚಿನವರು ಹೋಗಿಬಿಟ್ಟರು. ಆಗ ಹತ್ತು ವರ್ಷದ ಹುಡುಗಿಯಾಗಿದ್ದವರು ಎಲ್ಲೋ ಒಬ್ಬಿಬ್ಬರು ಇದ್ದಾರು.

ಮುಳುಗಡೆಯ ಬಗ್ಗೆ ಕನ್ನಡದಲ್ಲಿ ಬರೆದವರಿದ್ದಾರೆ. ಸಾಗರದ ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿದವರು, ಒಕ್ಕಲೆಬ್ಬಿಸಿದ್ದನ್ನು ಹತ್ತಿರದಿಂದ ನೋಡಿ ‘ಮುಳುಗಡೆ’, ‘ದ್ವೀಪ’ ಕಾದಂಬರಿ ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. ಬಹಳ ಜನರಿಗೆ ಮುಳುಗಡೆ ಎಂದರೆ ಏನೆಂದು ಗೊತ್ತಾದದ್ದೇ ಇವುಗಳಿಂದ. 2025ರ ಜನವರಿಯಲ್ಲಿ ಡಿಸೋಜ ಅವರೂ ತೀರಿಕೊಂಡರು. ಕಾದಂಬರಿ ಕಾದಂಬರಿಯ ಕೆಲಸ ಮಾಡಿದೆ. ಮನೆ ಬಿಟ್ಟು ಎದ್ದು ಬಂದವರೇ ತಮ್ಮ ಬಾಯಿಂದ ಹೇಳಿದ್ದು, ಇಂಥ ಊರಿನ ಇಂಥ ಮನೆಯ ಕತೆ ಎಂದು ಬರೆದಿಟ್ಟದ್ದು ಎಷ್ಟಿದೆ? ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಒಂದು ಹಾಳೆ ಇದೆಯೇ ನೋಡಿ.

‘ನಮ್ದೆಂಥ ಕತೆ ಮಾರಾಯ’

ಕೇಳಲು ಹೋದರೆ ಮೊದಲು ಬರುವ ಮಾತು ಇದು. ‘ನಮ್ದೆಂಥ ಕತೆ ಮಾರಾಯ, ಬರೆಯೂಕೆ ಎಂಥ ಇದೆ? ಹುಟ್ಟಿದ್ವಿ, ಗೆಯ್ದ್ವಿ, ಇಲ್ಲಿಗೆ ಬಂದ್ವಿ.’ ಇದು ನಾಚಿಕೆಯೂ ಅಲ್ಲ, ಬಿಂಕವೂ ಅಲ್ಲ. ಚರಿತ್ರೆ ಎಂದರೆ ರಾಜರದ್ದು, ಕೆಳದಿ ನಾಯಕರದ್ದು, ಗಾಂಧಿಯದ್ದು ಎಂದು ಅವರಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಶಾಲೆಗೆ ಹೋಗದವರಿಗೂ ಆ ಪಾಠ ಮುಟ್ಟಿದೆ, ಅದೇ ಸೋಜಿಗ.

ಈ ಮಾತಿಗೆ ಉತ್ತರವಾಗಿ ನಾವು ಹೇಳುವುದು ಮಹಾರಾಷ್ಟ್ರದ ಲಕ್ಷ್ಮೀಬಾಯಿ ಟಿಳಕರ ಕತೆ. ಹುಟ್ಟಿದ್ದು 1868ರಲ್ಲಿ, ನಾಸಿಕದ ಕಡೆ. ಸಂಪ್ರದಾಯಸ್ಥ ಬ್ರಾಹ್ಮಣ ಮನೆ, ಮಡಿ ಮೈಲಿಗೆಯ ಹುಚ್ಚು ಹಿಡಿದ ತಂದೆ. ಶಾಲೆ ಎಂಬುದನ್ನೇ ಕಾಣಲಿಲ್ಲ. ಹನ್ನೊಂದರ ಆಸುಪಾಸಿನಲ್ಲಿ ಮದುವೆ. ಗಂಡ ನಾರಾಯಣ ವಾಮನ ಟಿಳಕ ಕವಿ, ಮುಂಗೋಪಿ, ಒಂದು ಊರಲ್ಲಿ ನಿಲ್ಲದ ಮನುಷ್ಯ. ಹೆಂಡತಿಗೆ ಅಕ್ಷರ ಕಲಿಸಿದ್ದೂ ಅವರೇ. 1895ರಲ್ಲಿ ಅವರು ಕ್ರೈಸ್ತರಾದರು. ಹೆಂಡತಿ ಮಗುವನ್ನು ಕಟ್ಟಿಕೊಂಡು ನೆಂಟರ ಆಸರೆಗೆ ಬಿದ್ದರು. ಕೆಲವು ವರ್ಷ ಬೇರೆಯಾಗಿದ್ದು, ಆಮೇಲೆ ಗಂಡನ ಮನೆಗೆ ಬಂದು, 1900ರಲ್ಲಿ ತಾವೂ ಆ ಮತಕ್ಕೆ ಸೇರಿದರು. 1919ರಲ್ಲಿ ಗಂಡ ತೀರಿಕೊಂಡರು.

ಇಲ್ಲಿಂದ ಮುಂದಿನದು ನಮಗೆ ಬೇಕಾದದ್ದು. ಮಗ ದೇವದತ್ತನಿಗೆ ತಂದೆಯ ಜೀವನಚರಿತ್ರೆ ಬರೆಯುವ ಆಸೆ. ಅಪ್ಪನ ಬಗ್ಗೆ ನಿನಗೆ ನೆನಪಿದ್ದದ್ದನ್ನೆಲ್ಲ ಬರೆದುಕೊಡು ಎಂದು ಅಮ್ಮನ ಬೆನ್ನು ಹತ್ತಿದ. ಅಮ್ಮ ಬರೆಯತೊಡಗಿದರು. ಗಂಡನ ಕತೆ ಎಂದು ಶುರುವಾದದ್ದರಲ್ಲಿ ಅಡುಗೆ ಮನೆ ಬಂತು, ಸಾಲ ಬಂತು, ಪ್ಲೇಗು ಬಂತು, ಬೈಗುಳ ಬಂತು, ನಗು ಬಂತು. ಅದು ಬರೆಯುತ್ತ ಬರೆಯುತ್ತ ಅವರದೇ ಕತೆಯಾಯಿತು. ‘ಸ್ಮೃತಿಚಿತ್ರೆ’ ಎಂಬ ಹೆಸರಿನಲ್ಲಿ 1934ರಿಂದ ಭಾಗ ಭಾಗವಾಗಿ ಪುಸ್ತಕವಾಗಿ ಬಂತು. 1936ರಲ್ಲಿ ಲಕ್ಷ್ಮೀಬಾಯಿ ತೀರಿಕೊಂಡರು. ಇವತ್ತು ಮರಾಠಿಯ ಅತಿ ಒಳ್ಳೆಯ ಆತ್ಮಕಥೆಗಳಲ್ಲಿ ಅದನ್ನು ಎಣಿಸುತ್ತಾರೆ. ಗಂಡ ದೊಡ್ಡ ಕವಿಯೇ. ಆದರೂ ಈಗ ಅವರನ್ನು ಎಷ್ಟೋ ಜನ ತಿಳಿಯುವುದು ಹೆಂಡತಿಯ ಪುಸ್ತಕದ ಮೂಲಕ.

ಮಗ ಕೇಳಿದ್ದು ಒಂದು, ಅಮ್ಮ ಕೊಟ್ಟದ್ದು ಇನ್ನೊಂದು. ನೀವು ಅಜ್ಜನ ಬಗ್ಗೆ ಅಜ್ಜಿಯನ್ನು ಕೇಳಲು ಹೋದರೆ ಇದೇ ಆಗುತ್ತದೆ. ಆಗಲಿ ಬಿಡಿ. ಅಜ್ಜಿ ದಾರಿ ತಪ್ಪಿದ ಕಡೆಯಲ್ಲೇ ಒಳ್ಳೆಯ ಮಾತು ಸಿಗುತ್ತದೆ.

ಎಲ್ಲ ಮನೆಯಲ್ಲೂ ಇಂಥ ಮಗ ಇರುವುದಿಲ್ಲ. ಅದೇ ಮಹಾರಾಷ್ಟ್ರದ ಫಲ್ಟಣದಲ್ಲಿ ಬೇಬಿ ಕಾಂಬಳೆ ಎಂಬ ದಲಿತ ಹೆಣ್ಣುಮಗಳು ಸಣ್ಣ ಅಂಗಡಿ ನಡೆಸುತ್ತಿದ್ದರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ತಮ್ಮ ಕೇರಿಯ ಬದುಕನ್ನು ಬರೆಯುತ್ತಿದ್ದರು. ಮನೆಯವರಿಗೆ ಗೊತ್ತಾದರೆ ಎಂದು ಸುಮಾರು ಇಪ್ಪತ್ತು ವರ್ಷ ಅದನ್ನು ಬಚ್ಚಿಟ್ಟರು. ಫಲ್ಟಣದಲ್ಲಿ ನೆಲೆಸಿದ್ದ ಮ್ಯಾಕ್ಸಿನ್ ಬರ್ನ್‌ಸನ್ ಎಂಬ ವಿದ್ವಾಂಸೆ ಮಾತಿಗೆ ಮಾತು ಬಂದು ಇದನ್ನು ತಿಳಿದು ಹೊರತರಲು ಒತ್ತಾಯಿಸಿದರು. 1980ರ ದಶಕದಲ್ಲಿ ಪತ್ರಿಕೆಯಲ್ಲಿ ಬಂದು, 1986ರಲ್ಲಿ ಪುಸ್ತಕವಾಯಿತು. ಒಳಗೆ ಯಾರೂ ಕೇಳಲಿಲ್ಲ, ಹೊರಗಿನವರೊಬ್ಬರು ಕೇಳಿದರು. ನಿಮ್ಮ ಮನೆಯ ಹಿರಿಯರು ಆಗಲೇ ಏನಾದರೂ ಬರೆದು ಹಾಸಿಗೆಯ ಕೆಳಗೆ ಇಟ್ಟಿರಬಹುದು. ಹುಡುಕಲು ಹೋಗಬೇಡಿ, ಕೇಳಿ.

ಬರೆಯಲಾಗದವರ ಮಾತು ಬೇರೆ. ಗಂಗೂಬಾಯಿ ಹಾನಗಲ್ಲರ ‘ನನ್ನ ಬದುಕಿನ ಹಾಡು’ ಅವರು ಕೂತು ಬರೆದದ್ದಲ್ಲ, ಹೇಳಿದ್ದು. ಎನ್.ಕೆ. ಕುಲಕರ್ಣಿಯವರು ಬರೆದುಕೊಂಡರು. ಆ ಪುಸ್ತಕವನ್ನು ಯಾರೂ ಕಡಿಮೆ ಎಂದು ಹೇಳಿಲ್ಲ. ಕನ್ನಡಕ ಹಾಕಿದರೂ ಅಕ್ಷರ ಕಾಣದ, ಕೈ ನಡುಗುವ ಹಿರಿಯರ ಮನೆಯಲ್ಲಿ ಇದೇ ದಾರಿ.

ಬೀಸುಕಲ್ಲಿನ ಮಾತು

ನಮ್ಮ ನೆಂಟರಲ್ಲಿ ಒಬ್ಬರು ದೊಡ್ಡಮ್ಮ ಇದ್ದಾರೆ. ಮುಳುಗಡೆಯಲ್ಲಿ ಎದ್ದು ಬಂದವರು. ‘ದೊಡ್ಡಮ್ಮ, ನಿಮ್ಮ ಜೀವನದ ಕತೆ ಹೇಳಿ’ ಎಂದು ಫೋನ್ ಮುಂದಿಟ್ಟರೆ ಸೆರಗು ಸರಿಮಾಡಿಕೊಂಡು, ಟಿವಿಯವರಿಗೆ ಹೇಳುವ ಹಾಗೆ ‘ಎಲ್ಲ ದೇವರ ದಯೆ’ ಎಂದು ಮುಗಿಸಿದರು. ಆಮೇಲೆ ಫೋನ್ ಮಗುಚಿಟ್ಟು, ಲಾರಿ ಬಂದ ದಿನ ಏನೇನು ಹಾಕಿಕೊಂಡ್ರಿ ಎಂದು ಕೇಳಿದೆವು.

‘ಬೀಸುಕಲ್ಲು’ ಅಂದರು. ‘ಮೇಲಿನ ಕಲ್ಲು ಮಾತ್ರ ಬಂತು. ಕೆಳಗಿನದು ಭಾರ ಅಂತ ಲಾರಿಯವ ಇಳಿಸಿಬಿಟ್ಟ. ಬರೀ ಮೇಲಿನ ಕಲ್ಲು ತಗಂಡು ಎಂಥ ಮಾಡೂದು? ಇಲ್ಲಿಗೆ ಬಂದು ಎರಡು ವರ್ಷ ಪಕ್ಕದ ಮನೆಗೆ ಹೋಗಿ ಬೀಸಿದ್ದು. ಅವರ ಮನೆ ಅತ್ತೆ ಬಾಯಿ ಸರಿಯಿರ್ಲಿಲ್ಲ.’

ಅಲ್ಲಿಂದ ಮಾತು ಹರಿಯಿತು. ಆ ಪಕ್ಕದ ಮನೆಯವರು ಯಾರು, ಅವರು ಮೊದಲಿಂದಲೂ ಅಲ್ಲಿದ್ದವರೋ ಇನ್ನೊಂದು ಕಡೆಯಿಂದ ಎದ್ದು ಬಂದವರೋ, ಕಾಡು ಕಡಿದು ಗದ್ದೆ ಮಾಡಲು ಎಷ್ಟು ವರ್ಷ ಹಿಡಿಯಿತು, ಮೊದಲ ಬೆಳೆ ಯಾವಾಗ, ಚಳಿಜ್ವರದಲ್ಲಿ ಹೋದ ಮಗು ಯಾವುದು. ಆ ಮಗುವಿನ ಹೆಸರನ್ನು ಮನೆಯ ಹುಡುಗರು ಅವತ್ತೇ ಮೊದಲು ಕೇಳಿದ್ದು. ಅವರ ತಂದೆಗಿಂತ ದೊಡ್ಡವ.

ಇದರಿಂದ ನಾವು ಕಲಿತದ್ದು ಇಷ್ಟು. ಜೀವನ ಎಂದು ಕೇಳಬಾರದು, ವಸ್ತು ಕೇಳಬೇಕು. ಶಾಲೆಗೆ ಯಾವ ದಾರಿ ಹಿಡಿದು ಹೋಗುತ್ತಿದ್ರಿ? ಮಳೆಗಾಲಕ್ಕೆ ಉಪ್ಪು ಎಲ್ಲಿಡುತ್ತಿದ್ರಿ? ಕಂಬಳಿಕೊಪ್ಪೆ ಯಾರು ಹೊಲೀತಿದ್ರು? ಹೊಳೆ ದಾಟಲು ದೋಣಿ ಯಾರದ್ದು, ದಾಟಿಸಲು ಏನು ಕೊಡುತ್ತಿದ್ರಿ? ಒಂದು ದೊಡ್ಡ ಹಾಳೆ ಕೊಟ್ಟು ಹೊಳೆ ಎಲ್ಲಿತ್ತು ಎಂದು ಗೆರೆ ಎಳೆಯಲು ಹೇಳಿ. ಹೊಳೆ ಬಂದ ಮೇಲೆ ಗದ್ದೆ ಬರುತ್ತದೆ, ಗದ್ದೆಗಳಿಗೆ ಹೆಸರು ಬರುತ್ತದೆ, ಆಮೇಲೆ ಭೂತನ ಕಟ್ಟೆ, ಆಮೇಲೆ ಯಾರ ಮನೆ ಎಲ್ಲಿ. ಯಾವ ಮನೆಯನ್ನು ಊರಿನ ಹೊರಗೆ ಬರೆಯುತ್ತಾರೆ ನೋಡಿ. ಜಾತಿಯ ಚರಿತ್ರೆ ಅಲ್ಲೇ ಇದೆ, ಬೇರೆ ಪ್ರಶ್ನೆ ಬೇಕಿಲ್ಲ.

ಒಬ್ಬರನ್ನೇ ಕೂರಿಸುವುದಕ್ಕಿಂತ ಇಬ್ಬರು ಹಿರಿಯರನ್ನು ಕೂರಿಸಿ. ಅಕ್ಕ ತಂಗಿ ಆದರೆ ಇನ್ನೂ ಒಳ್ಳೆಯದು. ‘ಸುಳ್ಳು ಹೇಳ್ತೀಯ, ಆ ಹಸು ಕಪ್ಪಿತ್ತು’ ಎಂದು ಒಬ್ಬರು ಇನ್ನೊಬ್ಬರನ್ನು ತಿದ್ದುವಾಗ ನೀವು ಸುಮ್ಮನೆ ಬರೆದುಕೊಳ್ಳುತ್ತ ಹೋಗಬಹುದು. ಇಬ್ಬರ ಮಾತನ್ನೂ ಬರೆಯಿರಿ, ತೀರ್ಪು ಕೊಡಬೇಡಿ.

ಅವರ ಕನ್ನಡವನ್ನು ಪುಸ್ತಕದ ಕನ್ನಡ ಮಾಡಬೇಡಿ ಎಂದು ಕೈ ಮುಗಿದು ಕೇಳುತ್ತೇವೆ. ಹವ್ಯಕರ ಮಾತು ಹವ್ಯಕರ ಹಾಗೆ, ದೀವರ ಮಾತು ದೀವರ ಹಾಗೆ ಇರಲಿ. ಡಿಗ್ರಿ ಮಾಡಿದ ಮೊಮ್ಮಕ್ಕಳು ಮೊದಲು ಮಾಡುವ ಕೆಲಸವೇ ಅಜ್ಜಿಯ ಮಾತನ್ನು ತೊಳೆದು ಇಸ್ತ್ರಿ ಹಾಕುವುದು.

ಇಸವಿ ಗೊತ್ತಿಲ್ಲ ಎಂದರೆ

ಹಿರಿಯರಿಗೆ ಇಸವಿ ನೆನಪಿರುವುದಿಲ್ಲ. ಎಷ್ಟೋ ಜನರ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1 ಎಂದು ಇರುವುದನ್ನು ನೀವೂ ನೋಡಿರುತ್ತೀರಿ. ಒಂದೇ ಮನೆಯ ಅಣ್ಣ ತಮ್ಮ ಅತ್ತಿಗೆ ಎಲ್ಲ ಜನವರಿ ಒಂದಕ್ಕೇ ಹುಟ್ಟಿದವರು! ಕಾರ್ಡು ಬದಿಗಿಡಿ. ಅವರ ತಲೆಯಲ್ಲಿ ಬೇರೆ ಕ್ಯಾಲೆಂಡರ್ ಇದೆ, ಅದನ್ನು ಹಿಡಿದರೆ ಸಾಕು.

‘ಗಾಂಧಿ ಸತ್ತಾಗ ನಾನು ಅಂಬೆಗಾಲಿಡ್ತಿದ್ದೆ ಅಂತ ಅಮ್ಮ ಹೇಳ್ತಿದ್ಲು’ ಎಂದರೆ ಹುಟ್ಟಿದ್ದು 1947ರಲ್ಲಿ, ಯಾಕೆಂದರೆ ಗಾಂಧೀಜಿ ಹತ್ಯೆಯಾದದ್ದು 1948ರ ಜನವರಿ 30. ಜೋಗದಲ್ಲಿ ಕರೆಂಟು ತಯಾರಾಗಲು ಶುರುವಾದದ್ದೂ ಅದೇ 1948ರಲ್ಲಿ. ‘ನಯಾ ಪೈಸೆ ಬಂದ ವರ್ಷ ಮದುವೆ’ ಎಂದರೆ 1957. ಏಪ್ರಿಲ್ 1ರಿಂದ ರೂಪಾಯಿಗೆ ಹದಿನಾರು ಆಣೆ ಹೋಗಿ ನೂರು ಪೈಸೆ ಬಂತು. ಅದೇ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೂ ಜ್ವರ ಬಂತು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ಹಾಗೆ. ‘ಮಂಗ ಸತ್ತ ವರ್ಷ’ ಎಂದು ಯಾರಾದರೂ ಅಂದರೆ ಮೊದಲ ಸಲದ್ದೋ ಆಮೇಲಿನದ್ದೋ ಎಂದು ಕೇಳಿ. ‘ನೆಹರು ಹೋದ ವರ್ಷ’ 1964ರ ಮೇ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದದ್ದು 1973ರ ನವೆಂಬರ್ 1. ಫಾರಂ 7 ಹಾಕಿದ್ದು ಅದರ ಮರುವರ್ಷದಿಂದ.

ಕೆಲವು ಮನೆಗಳಲ್ಲಿ ಸಂವತ್ಸರದ ಹೆಸರು ಹೇಳುತ್ತಾರೆ. ಅದೂ ಲೆಕ್ಕಕ್ಕೆ ಸಿಗುತ್ತದೆ. ಅರವತ್ತು ಹೆಸರು, ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಹಳೆ ಮೈಸೂರಿನ ಮಹಾ ಬರಗಾಲಕ್ಕೆ ‘ಧಾತು ಈಶ್ವರ ಬರ’ ಎಂದು ಹೆಸರಿರುವುದು ಹೀಗೇ, ಧಾತು 1876ರ ಯುಗಾದಿಯಿಂದ, ಈಶ್ವರ 1877ರ ಯುಗಾದಿಯಿಂದ. ಲಿಂಗನಮಕ್ಕಿ ಮುಗಿದ 1964ರ ಯುಗಾದಿಗೆ ಬಂದದ್ದು ಕ್ರೋಧಿ ಸಂವತ್ಸರ. ಅದೇ ಕ್ರೋಧಿ 2024ರ ಯುಗಾದಿಗೆ ಮತ್ತೆ ಬಂದು ಹೋಯಿತು. ಒಂದು ಸುತ್ತು ತುಂಬಿದೆ. ಎರಡು ಕ್ರೋಧಿಯನ್ನೂ ಕಂಡವರು ನಿಮ್ಮ ಮನೆಯಲ್ಲಿದ್ದರೆ ಅವರ ಹತ್ತಿರವೇ ಕೂತು ಕೇಳಬೇಕು.

ಹೀಗೆ ಒಂದೆರಡು ಗೂಟ ಹೊಡೆದುಕೊಂಡರೆ ಉಳಿದದ್ದಕ್ಕೆ ಹಿಂದೆ ಮುಂದೆ ಎಂದು ಹಗ್ಗ ಕಟ್ಟಬಹುದು. ದೊಡ್ಡ ಮಗ ಹುಟ್ಟಿದ್ದು ಊರು ಬಿಡುವ ಮೊದಲೋ ಆಮೇಲೋ? ಮಾವ ಹೋದದ್ದು ಹೊಸ ಮನೆಯಲ್ಲೋ ಹಳೆ ಮನೆಯಲ್ಲೋ? ಇದಕ್ಕೆ ಯಾರೂ ತಪ್ಪು ಹೇಳುವುದಿಲ್ಲ.

ಹಿರಿಯರ ಮಾತು ಸಾಕ್ಷ್ಯವೂ ಹೌದು

ನೆನಪು ಬರೆದಿಟ್ಟರೆ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅರಣ್ಯ ಹಕ್ಕು ಕಾಯ್ದೆ 2006ರದ್ದು. ಅದರ ನಿಯಮಗಳು 2008ರ ಜನವರಿ 1ಕ್ಕೆ ಬಂದವು. ಅದರ 13ನೇ ನಿಯಮ ಯಾವ ಯಾವುದನ್ನು ಸಾಕ್ಷ್ಯ ಎಂದು ತೆಗೆದುಕೊಳ್ಳಬಹುದು ಎಂದು ಹೇಳುತ್ತದೆ. ಸರ್ಕಾರಿ ದಾಖಲೆಗಳ ಜೊತೆಗೆ, ಅರ್ಜಿ ಹಾಕಿದವರನ್ನು ಬಿಟ್ಟು ಬೇರೆ ಹಿರಿಯರು ಹೇಳಿ ಬರವಣಿಗೆಗೆ ಇಳಿಸಿದ ಹೇಳಿಕೆಯೂ ಆ ಪಟ್ಟಿಯಲ್ಲಿದೆ. ಅದೊಂದೇ ಸಾಲದು, ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕು. ಆದರೂ ಪಕ್ಕದ ಮನೆಯ ಅಜ್ಜನ ಮಾತಿಗೆ ಕಾನೂನು ಜಾಗ ಕೊಟ್ಟಿದೆ ಎಂಬುದು ಬಹಳ ಅರ್ಜಿದಾರರಿಗೇ ಗೊತ್ತಿಲ್ಲ.

ಮುಳುಗಡೆಯವರಿಗೆ ಇದರಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದರು ಎಂದು ತೋರಿಸಬೇಕು. ಸರ್ಕಾರವೇ ಎಬ್ಬಿಸಿ ಕಾಡಂಚಿಗೆ ತಂದು ಬಿಟ್ಟವರು ಅಲ್ಲಿಗೆ ಬಂದದ್ದೇ ಅರವತ್ತು ವರ್ಷದ ಹಿಂದೆ. ಅವರ ಹಕ್ಕುಪತ್ರದ ಗೋಳು ಬೇರೆಯೇ, ಇನ್ನೂ ಪೂರ್ತಿ ಮುಗಿದಿಲ್ಲ. ಆದರೂ ಎಲ್ಲಿಂದ ಎಬ್ಬಿಸಿದರು, ಯಾರು ಕರೆತಂದರು, ಇಲ್ಲಿ ಮೊದಲು ಯಾವ ಜಾಗ ತೋರಿಸಿದರು ಎಂದು ಕಂಡವರು ಹೇಳಿ ಸಹಿ ಮಾಡಿದ ಹಾಳೆ ಇದ್ದರೆ, ನಾಳೆ ಮಾತಾಡುವ ಮೊಮ್ಮಗನಿಗೆ ಬರಿಗೈ ಆಗುವುದಿಲ್ಲ.

ಒಂದು ಎಚ್ಚರ. ಅರ್ಜಿಗೆ ಬೇಕಾದ ಹೇಳಿಕೆ ಬೇರೆ ಬರೆಸಿ, ಜೀವನದ ನೆನಪು ಬೇರೆ ಬರೆಸಿ. ಅರ್ಜಿಯ ಮೇಲೆ ಕಣ್ಣಿಟ್ಟು ಕೂತರೆ ಅಜ್ಜ ಗದ್ದೆಯ ಗಡಿ ಬಿಟ್ಟು ಬೇರೆ ಮಾತಾಡುವುದಿಲ್ಲ. ಆ ಗದ್ದೆಯಲ್ಲಿ ಕೂತು ಅತ್ತದ್ದು, ಹಾಡಿದ್ದು ಎಲ್ಲ ಬಿಟ್ಟುಹೋಗುತ್ತದೆ.

ಮನೆಯೊಳಗಿನ ಜಗಳ

ಬರೆಯಲು ಶುರು ಮಾಡಿದ ಮೇಲೆ ಅಡ್ಡ ಬರುವವರು ಹಿರಿಯರಲ್ಲ, ನಡುವಯಸ್ಸಿನವರು. ಅಜ್ಜ ತಾನು ಇಂಥವರ ಮನೆಯಲ್ಲಿ ಜೀತಕ್ಕಿದ್ದೆ ಎಂದು ಹೇಳುತ್ತಾರೆ, ಮಗ ‘ಅದನ್ನೆಲ್ಲ ಬರೀಬೇಡಿ’ ಎನ್ನುತ್ತಾನೆ. ಅಜ್ಜಿ ತವರಿನಲ್ಲಿ ಗೆಣಸು ತಿಂದು ದಿನ ಕಳೆದದ್ದು ಹೇಳುತ್ತಾರೆ, ಸೊಸೆಗೆ ಮುಜುಗರ. ದೊಡ್ಡಪ್ಪನ ಪಾಲು ಎಲ್ಲಿ ಹೋಯಿತು ಎಂಬ ಮಾತು ಬಂದರಂತೂ ಎದ್ದು ಹೋಗಬೇಕು.

ನಮ್ಮ ಅಭಿಪ್ರಾಯ ಹೀಗಿದೆ. ಬರೆಯಬೇಕೋ ಬೇಡವೋ ಎಂದು ಹೇಳುವ ಅಧಿಕಾರ ಬದುಕಿದವರದ್ದು, ಅವರ ಮಕ್ಕಳದ್ದಲ್ಲ. ಅಜ್ಜ ಬರಿ ಎಂದರೆ ಬರೆಯಿರಿ. ಬೇಡ ಎಂದರೆ ಪೆನ್ನು ಕೆಳಗಿಡಿ, ಒತ್ತಾಯ ಬೇಡ. ‘ನಾನು ಹೋದ ಮೇಲೆ ತೆಗಿ’ ಎಂದರೆ ಲಕೋಟೆಗೆ ಹಾಕಿ ಅಂಟಿಸಿ ಮೇಲೆ ಹಾಗೆಂದೇ ಬರೆದಿಡಿ. ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವ ಮೊದಲು ಅವರನ್ನು ಒಂದು ಮಾತು ಕೇಳಿ. ಜೀತದ ಮಾತು ಅವಮಾನ ಎಂದು ಯಾರಿಗಾದರೂ ಅನ್ನಿಸಿದರೆ, ಅವಮಾನ ಜೀತ ಮಾಡಿದವರದ್ದೋ ಮಾಡಿಸಿಕೊಂಡವರದ್ದೋ ಎಂದು ಮನೆಯಲ್ಲಿ ಒಂದು ಸಂಜೆ ಮಾತಾಡಿಕೊಳ್ಳಬಹುದು.

ರೆಕಾರ್ಡಿಂಗ್ ಬಗ್ಗೆಯೂ ಒಂದು ಮಾತು. ಫೋನಿನಲ್ಲಿ ಧ್ವನಿ ಹಿಡಿದಿಡಿ, ಒಳ್ಳೆಯದೇ. ಆದರೆ ಫೋನು ಹೊಳೆಗೆ ಬೀಳುತ್ತದೆ, ಮಗು ಡಿಲೀಟ್ ಮಾಡುತ್ತದೆ, ಸ್ಟೋರೇಜ್ ತುಂಬಿದರೆ ಮೊದಲು ಹೋಗುವುದು ಅದೇ. ಕೇಳಿದ ವಾರದೊಳಗೆ ಇನ್ನೂರು ಪುಟದ ಒಂದು ನೋಟ್‌ಬುಕ್ಕಿಗೆ ಇಳಿಸಿ. ಮಲೆನಾಡಿನಲ್ಲಿ ಗೆದ್ದಲು, ಥಂಡಿ ಎರಡೂ ಇದೆ, ಆದ್ದರಿಂದ ಜೆರಾಕ್ಸ್ ಮಾಡಿಸಿ ಇನ್ನೊಂದು ಪ್ರತಿಯನ್ನು ಬೇರೆ ಊರಿನ ಮಗಳ ಮನೆಯಲ್ಲಿಡಿ. ಪ್ರತಿ ಸಲವೂ ಮೇಲೆ ತಾರೀಕು, ಜಾಗ, ಹೇಳಿದವರು ಯಾರು, ಬರೆದುಕೊಂಡವರು ಯಾರು ಎಂದು ಬರೆಯಿರಿ. ಹೆಂಗಸರಾದರೆ ತವರಿನ ಹೆಸರನ್ನೂ ಕೇಳಿ. ಮದುವೆಯಲ್ಲಿ ಹೆಸರು ಬದಲಾದವರು ಬಹಳ ಜನ ಇದ್ದಾರೆ, ಆ ಮೊದಲ ಹೆಸರಿಂದ ಅವರನ್ನು ಕರೆದು ಎಷ್ಟು ಕಾಲವಾಯಿತೋ.

ಇನ್ನು ಎಲ್ಲಿ ಕೂತು ಕೇಳುವುದು ಎಂಬುದಕ್ಕೆ ನಮ್ಮದೊಂದು ಸಲಹೆ. ಲಿಂಗನಮಕ್ಕಿಯ ನೀರಿನೊಳಗೆ ಇನ್ನೊಂದು ಅಣೆಕಟ್ಟು ಇದೆ, ಹಿರೇಭಾಸ್ಕರ. ಜೋಗದ ಕರೆಂಟಿಗೆಂದು ಮೊದಲು ಕಟ್ಟಿದ್ದು ಅದು. ಅದರ ನೀರಿಗೆ ಎದ್ದು ಮೇಲೆ ಹೋಗಿ ಮನೆ ಕಟ್ಟಿ, ಲಿಂಗನಮಕ್ಕಿಗೆ ಮತ್ತೆ ಎದ್ದವರೂ ಇದ್ದಾರೆ. ನೀರು ತೀರಾ ಇಳಿದ ಬೇಸಿಗೆಯಲ್ಲಿ ಆ ಹಳೆ ಕಟ್ಟೆ ಮೇಲೆ ಕಾಣುತ್ತದೆ, ಜನ ಹೋಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ತುಮರಿ ಕಡೆಗೆ ಈಗ ಲಾಂಚಿಗೆ ಕಾಯಬೇಕಿಲ್ಲ, 2025ರ ಜುಲೈನಲ್ಲಿ ಸೇತುವೆಯೂ ಆಗಿದೆ. ಮುಂದಿನ ಸಲ ಹಾಗೆ ನೀರು ಇಳಿದಾಗ ಹಿರಿಯರನ್ನು ಬೆಳಿಗ್ಗೆ ಬೇಗ ಕರೆದುಕೊಂಡು ಹೋಗಿ. ನಡೆಯಲಾಗದಿದ್ದರೆ ದಂಡೆಯ ಮೇಲೆ ನೆರಳಿನಲ್ಲಿ ಕುರ್ಚಿ ಹಾಕಿ. ಬಾಟಲಿಯಲ್ಲಿ ನೀರು, ಎಲೆ ಅಡಿಕೆ, ನೋಟ್‌ಬುಕ್ಕು, ಎರಡು ಪೆನ್ನು ತೆಗೆದುಕೊಳ್ಳಿ. ಏನೂ ಕೇಳಬೇಡಿ. ಕೈ ಎತ್ತಿ ಎಲ್ಲಿಗೆ ತೋರಿಸುತ್ತಾರೋ ಅಲ್ಲಿಂದ ಬರೆದುಕೊಳ್ಳಿ.